ಸದ್ದಿಲ್ಲದ ಏಳು ಫೋನುಗಳು

ಹಾಡುಗಾರನ ಗಂಟಲಲ್ಲಿ ಗಂಟು ಸಿಕ್ಕಿತು. ಡಾಕ್ಟರು ಗಂಟಿನ ಜೊತೆ ದನಿಯ ಗಂಟುಮೂಟೆಯನ್ನೂ ಕಟ್ಟಿಸಿ, ಉಸಿರಾಡಲು ಕತ್ತಿಗೊಂದು ನಳಿಗೆ ಇಟ್ಟರು. ಆ ಖರ್ಚಿಗೆ ಹಾಡುಗಳಿದ್ದ ಕಂಪ್ಯೂಟರೂ ಮಾರಿಹೋಯಿತು. ಉಳಿದದ್ದು ಹಾಡು ಕೇಳಿಸುವ ಆ್ಯಪ್‌ನಲ್ಲಿದ್ದ ಒಂದೇ ಹಾಡು. ಯಾರಾದರೂ ಅರ್ಧ ನಿಮಿಷ ಕೇಳಿದರೆ ಆ್ಯಪ್‌ನ ಕಂಪನಿ ಚಿಲ್ಲರೆಯಲ್ಲೂ ಚಿಲ್ಲರೆ ಉದುರಿಸುತ್ತಿತ್ತು. ಕೇಳುವವರಿರಲಿಲ್ಲ, ತಾಳ ಹಾಕುತ್ತಿದ್ದದ್ದು ಮನೆಯವರ ಹೊಟ್ಟೆ ಮಾತ್ರ.

ನಳಿಗೆಯನ್ನು ತಿಂಗಳಿಗೊಮ್ಮೆ ಬದಲಿಸಬೇಕು.

"ಕೇಳೋರಿಲ್ಲ ಅಂದ್ರೆ ನಾವೇ ಕೇಳೋಣ ಬಿಡಿ ಅತ್ತಿಗೆ" ಎಂದಳು ಅವನ ತಂಗಿ. ಮೊಬೈಲ್ ರಿಪೇರಿ ಅಂಗಡಿಯವಳು. ಗಾಜು ಒಡೆದ ಏಳು ಫೋನು ತಂದು ಅಡುಗೆಮನೆಯ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದಳು. ಹಗಲಿಡೀ ಅದೇ ಹಾಡು. ಸದ್ದು ಮಾತ್ರ ಸೊನ್ನೆ: ತನ್ನ ಹಳೆಯ ದನಿ ಕಿವಿಗೆ ಬಿದ್ದರೆ ಹಾಡುಗಾರ ತಟ್ಟೆ ಬಿಟ್ಟು ಏಳುತ್ತಿದ್ದ.

"ಇದೆಂಥಾ ಕಚೇರಿನೇ? ಸ್ವಲ್ಪ ಸೌಂಡ್ ಕೊಡ್ರೇ. ಮಗನ ದನಿ ಕೇಳಿ ವರ್ಷ ಆಯ್ತು" ಎಂದರು ತಾಯಿ.

"ಇವತ್ತು ಅವರು ಮನೇಲೇ ಇದಾರೆ. ನಾಳೆ ಹಾಕ್ತೀನಿ ಅತ್ತೆ" ಎಂದಳು ಹೆಂಡತಿ.

ಆ ಚಿಲ್ಲರೆಯಲ್ಲಿ ಎರಡು ನಳಿಗೆ ಬಂದವು. ಮೂರನೆಯ ತಿಂಗಳು ಬಂದದ್ದು ಕಂಪನಿಯ ಸಂದೇಶ: ಕೇಳುಗರು ನಕಲಿ, ಹಾಡನ್ನು ತೆಗೆಯಲಾಗಿದೆ.

"ಏಳು ಜನ ಒಂದೇ ಮನೇಲಿ ಅನ್ನ ನೀರು ಬಿಟ್ಟು ಒಂದೇ ಹಾಡು ಕೇಳಿದ್ರೆ ಯಾರಿಗಾದ್ರೂ ಅನುಮಾನ ಬರಲ್ವೇನೇ?" ಹೆಂಡತಿ ನಾದಿನಿಯ ಮೇಲೆ ಹರಿಹಾಯ್ದಳು.

"ಕೇಳೋರು ಸುಳ್ಳಾದ್ರೇನು ಅತ್ತಿಗೆ, ಹಾಡಿದೋನು ನಿಜ ತಾನೇ? ಅರ್ಜಿ ಹಾಕೋಣ."

ಅರ್ಜಿಗೆ ಒಂದೇ ಷರತ್ತು: ತಾನೇ ಹಾಡಿದವನೆಂದು ತೋರಿಸಲು, ಅದೇ ಹಾಡಿನ ಎರಡು ಸಾಲನ್ನು ಫೋನಿಗೆ ಹಾಡಬೇಕು.

ಹಾಡುಗಾರ ಸ್ಲೇಟಿನ ಮೇಲೆ ಬರೆದ: 'ಕೊಡಿ.'

ಬೆನ್ನು ನೆಟ್ಟಗೆ ಮಾಡಿ ಕೂತ. ತೊಡೆಯ ಮೇಲೆ ತಾಳ ಹಾಕುತ್ತ ಎರಡೂ ಸಾಲು ಹಾಡಿದ. ತುಟಿ ಒಂದಕ್ಷರ ತಪ್ಪಲಿಲ್ಲ, ಕೈ ಒಂದು ಪೆಟ್ಟು ತಪ್ಪಲಿಲ್ಲ. ನಳಿಗೆಯಲ್ಲಿ ಗಾಳಿ ಹೋಗಿಬಂತು.

'ಧ್ವನಿ ಹೊಂದುತ್ತಿಲ್ಲ. ಗದ್ದಲವಿಲ್ಲದ ಜಾಗದಲ್ಲಿ ಮತ್ತೆ ಪ್ರಯತ್ನಿಸಿ' ಎಂದಿತು ಫೋನು.

ತಂಗಿ ಎದ್ದು ಫ್ಯಾನ್ ಆರಿಸಿದಳು. ಹೆಂಡತಿ ಬಿಕ್ಕತೊಡಗಿದಳು.

ಅವನ ಕೈ ಮತ್ತೆ ತೊಡೆಗೆ ಬಿತ್ತು.

ತಾಯಿ ಸೊಸೆಯ ಬಾಯಿಗೆ ಅಂಗೈ ಅಡ್ಡ ಇಟ್ಟು, ಮಗನ ಕಡೆಗೆ ಬಾಗಿದರು. "ಸುಮ್ಮನಿರೇ, ಹಾಡ್ತಿದಾನೆ."