ಮೊದ್ದು ಕೇಳಿದ ಮಾತು

ಅಣ್ಣನಿಗೂ ನನಗೂ ಜಗಳ ಹತ್ತಿದ್ದು ಒಂದು ಗೇಟಿನ ವಿಷಯಕ್ಕೆ. ಗೇಟು ಅಂದರೆ ಮನೆಯದಲ್ಲ. ಕುದುರೆ ಪಳಗಿಸುವ ಅಂಗಳದ ನಟ್ಟನಡುವೆ ಎರಡು ಕಂಬ ನೆಟ್ಟು ಕೂರಿಸಿದ್ದ, ಅತ್ತ ಇತ್ತ ಬೇಲಿಯೇ ಇಲ್ಲದ ಒಂಟಿ ಗೇಟು. ಕೆಲಸದ ಸವಾರಿ ಅನ್ನುವ ಸ್ಪರ್ಧೆಗೆ ಅದು ಬೇಕು. ದನ ಕಾಯುವವರು ಕುದುರೆಯಿಂದ ಇಳಿಯದೆ ಮಾಡುತ್ತಿದ್ದ ಕೆಲಸಗಳನ್ನೇ ಅಲ್ಲಿ ಮಾಡಿ ತೋರಿಸಬೇಕು. ಒಂದು ಕೈಯಲ್ಲಿ ಲಗಾಮು ಹಿಡಿದು ಇನ್ನೊಂದು ಕೈಯಲ್ಲಿ ಗೇಟು ತೆಗೆದು, ದಾಟಿ, ಮುಚ್ಚಬೇಕು. ಮರದ ಸೇತುವೆ ಹತ್ತಿ ಇಳಿಯಬೇಕು. ಉದ್ದನೆಯ ಗಳದ ತುದಿಯಿಂದ ಕಬ್ಬಿಣದ ಬಳೆ ಎತ್ತಬೇಕು. ಮೊದಲ ಸುತ್ತುಗಳಲ್ಲಿ ನಿಧಾನವಾಗಿ, ಚೆಂದವಾಗಿ. ಕೊನೆಯ ಸುತ್ತಿನಲ್ಲಿ ಗಡಿಯಾರ ನೋಡಿಕೊಂಡು, ಓಡಿಸಿಕೊಂಡು.

ಗೇಟಿನ ಹತ್ತಿರ ಕುದುರೆ ಅಲುಗಾಡದೆ ನಿಲ್ಲಬೇಕು. ನಮ್ಮ ಕಂದು ಕುದುರೆ ನಿಲ್ಲುತ್ತಿರಲಿಲ್ಲ. ಕಾಗದದಲ್ಲಿ ಅದಕ್ಕೊಂದು ಭಾರಿ ಹೆಸರಿತ್ತು, ಮನೆಯಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಮೊದ್ದು. ಅಣ್ಣ ಅಪ್ಪನ ಕೈಯಲ್ಲಿ ಕಲಿತವನು. ಅಪ್ಪನ ಪಾಠ ಚಿಕ್ಕದು: ಹಿಮ್ಮಡಿಗೆ ಮುಳ್ಳು ಕಟ್ಟು, ಲಗಾಮು ಬಿಗಿ ಹಿಡಿ, ಬಾಯಿ ಮುಚ್ಚು, ಕುದುರೆ ಸೋಲೊಪ್ಪುವ ತನಕ ಬಿಡಬೇಡ. ಆ ಪಾಠದಿಂದ ಅಣ್ಣ ಗೆದ್ದ ಕಪ್ಪುಗಳು ಷೋಕೇಸಿನಲ್ಲಿ ಹಿಡಿಸದೆ ಅತ್ತಿಗೆಯ ಬೀರುವಿನ ನೆತ್ತಿಯ ಮೇಲೆ ಕೂತಿದ್ದವು. ಹಾಗಾಗಿ ವಾದ ಮಾಡಲು ನನಗೆ ಬಾಯಿರಲಿಲ್ಲ. ಆದರೂ ಮಾಡುತ್ತಿದ್ದೆ.

ನಾನು ಕಲಿತದ್ದು ಲಾಳದ ತಾತನಿಂದ. ಒದೆಯುವ ಕುದುರೆಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಲಾಳ ಹೊಡೆಯುತ್ತಾ ಎಪ್ಪತ್ತು ದಾಟಿದ್ದವರು. ಕುದುರೆಯ ವಿಷಯದಲ್ಲಿ ಅವರ ಮಾತನ್ನಲ್ಲದೆ ಇನ್ಯಾರ ಮಾತನ್ನು ನಂಬಲಿ?

"ಒತ್ತಿದ್ದಕ್ಕೆ ಅದು ಕಲಿಯಲ್ಲ ಮಗಳೇ, ಬಿಟ್ಟಿದ್ದಕ್ಕೆ ಕಲಿಯುತ್ತೆ," ಅನ್ನುತ್ತಿದ್ದರು. ಕುದುರೆ ಸರಿಯಾಗಿ ಮಾಡಿದ ಗಳಿಗೆಯಲ್ಲೇ ಲಗಾಮು ಸಡಿಲಿಸಿ, ಯಾವಾಗಲೂ ಅದೇ ಒಂದು ಮಾತು ಹೇಳಬೇಕು. ನಾನು ಆರಿಸಿಕೊಂಡ ಮಾತು 'ಸಾಕು'.

"ಕುದುರೆ ಹತ್ರ ಹರಟೆ ಹೊಡೀತಾ ಕೂತ್ರೆ ಅದು ನಿನ್ನ ತಲೆ ಮೇಲೆ ಕೂರುತ್ತೆ," ಅಂದ ಅಣ್ಣ.

"ಅದರ ಪಕ್ಕೆ ನೋಡು. ನಿನ್ನ ಮುಳ್ಳಿಗೆ ಜರಡಿ ಆಗಿದೆ."

"ಒಂದು ಕುದುರೆಗೆ ಒಂದೇ ಕೈ. ಸ್ಪರ್ಧೆ ಮುಗಿಯೋ ತನಕ ನೀನು ಇದನ್ನ ಮುಟ್ಟಬೇಡ."

ಬೇಡ ಅಂದದ್ದನ್ನು ಮಾಡುವ ಚಾಳಿ ನನಗೆ ಚಿಕ್ಕಂದಿನಿಂದಲೂ ಇದೆ. ಮಧ್ಯಾಹ್ನ ಉಂಡು ಅಣ್ಣ ಗೊರಕೆ ಶುರುಮಾಡಿದ ಮೇಲೆ ಮೊದ್ದುವನ್ನು ಲಾಯದ ಹಿಂದಿನ ಓಣಿಗೆ ಕರೆದೊಯ್ಯುತ್ತಿದ್ದೆ. ಹತ್ತು ಹೆಜ್ಜೆ, ಸಾಕು. ಲಗಾಮು ಸಡಿಲಿಸಿ ಕತ್ತು ತುರಿಸುತ್ತಿದ್ದೆ. ಓಣಿಯ ಅರ್ಧದವರೆಗೆ ಓಟ, ಸಾಕು. ಮತ್ತೆ ತುರಿಸುತ್ತಿದ್ದೆ. ಮೂರು ವಾರದಲ್ಲಿ, ಎಷ್ಟೇ ಜೋರಾಗಿ ಓಡುತ್ತಿದ್ದರೂ ಆ ಮಾತು ಕಿವಿಗೆ ಬಿದ್ದರೆ ನಾಲ್ಕೂ ಕಾಲು ಊರಿ, ತಲೆ ತಗ್ಗಿಸಿ ನಿಂತುಬಿಡುತ್ತಿತ್ತು. ಅದಕ್ಕೆ ಮೊದ್ದು ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ.

ನಿಲ್ಲುವ ರುಚಿ ಹತ್ತಿದ್ದರಿಂದ ಗೇಟಿನ ಹತ್ತಿರವೂ ತೆಪ್ಪಗೆ ನಿಲ್ಲತೊಡಗಿತು. "ನೋಡಿದ್ಯಾ ಮುಳ್ಳಿನ ಮಹಿಮೆ," ಅಂತ ಅಣ್ಣ ಮೀಸೆ ತಿರುವಿದ. ನಾನು ಒಳಗೊಳಗೇ ನಕ್ಕೆ. ಕಪ್ಪು ಕೈಗೆ ಬಂದ ಮೇಲೆ ನಿಜ ಹೇಳಿ ಅವನ ಮುಖ ನೋಡಬೇಕು ಅಂತ ಆಸೆಪಟ್ಟಿದ್ದೆ. ಎಂಥ ಹಾಳು ಆಸೆ.

ಸ್ಪರ್ಧೆಯ ದಿನ ಕೊನೆಯ ಸುತ್ತಿಗೆ ನಾನು ಸೇತುವೆಯ ಪಕ್ಕದ ಬೇಲಿಗೆ ಒರಗಿ ನಿಂತಿದ್ದೆ. ಗೇಟು ಆಯಿತು, ಬಳೆಯೂ ಆಯಿತು. ಗಳವನ್ನು ಅದನ್ನಿಡುವ ಪೀಪಾಯಿಯೊಳಗೆ ಎಸೆದು ಅಣ್ಣ ಸೇತುವೆಯತ್ತ ತಿರುಗಿಸಿದ. ಮೊದ್ದು ತನ್ನಿಂದ ಆಗುವಷ್ಟೂ ಓಡುತ್ತಿತ್ತು. ಆದರೂ ಅವನು ಹೆಜ್ಜೆ ಹೆಜ್ಜೆಗೂ ಚುಚ್ಚುತ್ತಿದ್ದ. ಅದರ ಪಕ್ಕೆಯ ನೊರೆ ಕೆಂಪಾಗಿತ್ತು. ತಡೆಯಲಾರದೆ ಕೂಗಿದೆ. ಕೂಗಿದ್ದು ಅಣ್ಣನಿಗೆ.

"ಸಾಕು ಅಣ್ಣಾ. ಸಾಕು."

ಅಣ್ಣ ಕೇಳಲಿಲ್ಲ. ಮೊದ್ದು ಕೇಳಿತು.

ಸೇತುವೆಯ ಮೊದಲ ಹಲಗೆಯ ಮುಂದೆ ನಾಲ್ಕೂ ಕಾಲು ಊರಿತು. ಅಣ್ಣ ಅದರ ತಲೆಯ ಮೇಲಿಂದ ಹಾರಿ ಹಲಗೆಯ ಅಂಚಿಗೆ ಕತ್ತು ಕೊಟ್ಟು ಬಿದ್ದ. ಜನ ಓಡಿದರು, ನಾನೂ ಓಡಿದೆ. ಮೊದ್ದು ತಲೆ ತಗ್ಗಿಸಿಕೊಂಡು, ಯಾರಾದರೂ ಬಂದು ಕತ್ತು ತುರಿಸುತ್ತಾರೆ ಅಂತ ಕಾಯುತ್ತಾ ನಿಂತಿತ್ತು.

ಕುದುರೆ ಸೇತುವೆಗೆ ಬೆದರಿತು ಅಂತ ತೀರ್ಪುಗಾರರು ಬರೆದುಕೊಂಡರು. ಎಲ್ಲರೂ ಹಾಗೆಯೇ ಅಂದರು, ನಾನು ಸುಮ್ಮನಿದ್ದೆ. ಕತ್ತಿನಿಂದ ಕೆಳಗೆ ಇನ್ನು ಏನೂ ಅಲುಗಾಡುವುದಿಲ್ಲ, ಮಾತಿಗೆ ಊಟಕ್ಕೆ ತೊಂದರೆಯಿಲ್ಲ ಅಂತ ಡಾಕ್ಟರು ಹೇಳಿದಾಗಲೂ ಸುಮ್ಮನಿದ್ದೆ. ಮೆಟ್ಟಿಲು ಹತ್ತಿಸಲಾಗದೆ, ಜೀನುಗಳನ್ನು ಇಡುತ್ತಿದ್ದ ಕೆಳಗಿನ ಕೋಣೆಯಲ್ಲಿ ಅವನಿಗೆ ಮಂಚ ಹಾಕಿದೆವು. ಗೂಟಗಳು ಖಾಲಿಯಾದವು, ಚರ್ಮಕ್ಕೆ ಹಚ್ಚುವ ಎಣ್ಣೆಯ ವಾಸನೆ ಮಾತ್ರ ಹೋಗಲಿಲ್ಲ. ಲಾಯದ ಕೆಲಸ ಅತ್ತಿಗೆಯ ಪಾಲಿಗೆ, ಅಣ್ಣನಿಗೆ ತಿನ್ನಿಸುವುದು ನನ್ನ ಪಾಲಿಗೆ ಬಂತು. ಹೊಟ್ಟೆ ತುಂಬಿದಾಗ ಅವನು ಹೇಳಬೇಕಾದ ಮಾತು ಒಂದೇ. ದಿನಕ್ಕೆ ಮೂರು ಹೊತ್ತು ಹೇಳುತ್ತಿದ್ದ. ಪ್ರತಿ ಸಲವೂ ನನ್ನ ಕೈ ಅಲ್ಲೇ ಕಲ್ಲಾಗುತ್ತಿತ್ತು.

ನಾಲ್ಕನೆಯ ತಿಂಗಳು ಅಣ್ಣ, "ಅದನ್ನ ಕಸಾಯಿಖಾನೆಗೆ ಕಳಿಸಿಬಿಡಿ. ಸವಾರನನ್ನ ಕೆಡವಿದ ಕುದುರೆ ಯಾರಿಗೂ ಬೇಡ," ಅಂದ. ಸೋಮವಾರ ಲಾರಿ ಬರುವುದೆಂದಾಯಿತು.

ಒಂದು ಮಾತು ಹೇಳಿದ್ದರೆ ಅದು ಉಳಿಯುತ್ತಿತ್ತು. ಚಮಚ ಹಿಡಿದು ಕೂತಾಗಲೆಲ್ಲ ಹೇಳಬೇಕು ಅಂದುಕೊಳ್ಳುತ್ತಿದ್ದೆ, ಇನ್ನೊಂದು ಚಮಚ ತಿನ್ನಿಸುತ್ತಿದ್ದೆ. ಅಣ್ಣನ ಕಣ್ಣಿಗೆ ಹೆದರಿ ಒಂದು ಪ್ರಾಣಿಯನ್ನು ಸಾಯಲು ಬಿಡುತ್ತಿದ್ದೆ. ಹೇಡಿತನ ಅನ್ನದೆ ಇದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಭಾನುವಾರ ಮಧ್ಯಾಹ್ನ ಅತ್ತಿಗೆ ಮೊದ್ದುವನ್ನು ಅಂಗಳಕ್ಕೆ ತಂದಳು. ಅಷ್ಟು ತಿಂಗಳು ಕಟ್ಟಿಹಾಕಿದ್ದ ಕುದುರೆ, ಕೊನೆಗೊಮ್ಮೆ ಕಾಲಾಡಿಸಲಿ ಅಂತ. ಉದ್ದನೆಯ ಹಗ್ಗ ಹಿಡಿದು ತನ್ನ ಸುತ್ತ ಓಡಿಸುತ್ತಿದ್ದಳು.

"ಕಿಟಕಿ ತೆಗಿ. ಹೋಗೋ ಮುಂಚೆ ಒಂದ್ಸಲ ನೋಡ್ತೀನಿ," ಅಂದ ಅಣ್ಣ.

ತೆಗೆದು, ದಿಂಬು ಎತ್ತರಿಸಿ, ಸೂಪು ಕುಡಿಸತೊಡಗಿದೆ. ಅವನ ಕಣ್ಣು ಹೊರಗೇ ಇತ್ತು. ಆರನೆಯ ಚಮಚಕ್ಕೆ ಮುಖ ತಿರುಗಿಸಿ, "ಸಾಕು," ಅಂದ.

ಹೊರಗೆ ಗೊರಸಿನ ಸದ್ದು ನಿಂತಿತು. ಹಗ್ಗ ಸಡಿಲಾಗಿ ಅತ್ತಿಗೆ ಮುಗ್ಗರಿಸಿದಳು. "ಏನಾಯ್ತೋ ನಿನಗೆ, ನಡಿ," ಅಂತ ಗದರಿ ಮತ್ತೆ ಓಡಿಸಿದಳು. ಅಣ್ಣ ನೋಡುತ್ತಿದ್ದ. ಅದು ಎರಡು ಸುತ್ತು ಬಂದು ಓಟ ಜೋರಾಗುವವರೆಗೆ ಕಾದ. ಆಮೇಲೆ ಕಿಟಕಿಯತ್ತ ತಿರುಗಿ ಅದೇ ಮಾತು ಹೇಳಿದ.

ಮೊದ್ದು ನಾಲ್ಕೂ ಕಾಲು ಊರಿ, ತಲೆ ತಗ್ಗಿಸಿ ನಿಂತಿತು.

ಬಟ್ಟಲನ್ನು ನೆಲಕ್ಕಿಟ್ಟೆ.

"ಯಾವಾಗ ಕಲಿಸಿದೆ?"

"ಮಧ್ಯಾಹ್ನದ ಹೊತ್ತು. ನೀನು ಮಲಗಿದ್ದಾಗ."

"ಅವತ್ತು ಕೂಗಿದ್ದು ಕುದುರೆಗಾ?"

"ಅದಕ್ಕಲ್ಲ ಅಣ್ಣ. ನಿನಗೆ ಕೂಗಿದ್ದು."

ಬಯ್ಯಲಿ ಅಂತ ಕಾದೆ. ಬಯ್ದಿದ್ದರೆ ಎದೆ ಹಗುರಾಗುತ್ತಿತ್ತು. ಅವನು ಖಾಲಿ ಗೂಟಗಳತ್ತ ಕಣ್ಣು ತಿರುಗಿಸಿದ.

"ನನಗೂ ಕೇಳಿಸ್ತು," ಅಂದ. "ನೀನು ಕೂಗಿದೆ ಅಂತಾನೇ ಇನ್ನೊಂದು ಸಲ ಚುಚ್ಚಿದೆ."

ಅತ್ತಿಗೆಯನ್ನು ಕಿಟಕಿಯ ಹತ್ತಿರ ಕರೆದು, ಲಾರಿಯವನಿಗೆ ಬರಬೇಡ ಅನ್ನು ಅಂದ. ನನ್ನತ್ತ ತಿರುಗದೆಯೇ ಹೇಳಿದ:

"ಅದನ್ನ ನೀನೇ ಸಾಕು."

ಸಾಕುತ್ತಿದ್ದೇನೆ. ಮೇವು, ನೀರು, ಆರದೆ ಉಳಿದಿದ್ದ ಪಕ್ಕೆಯ ಗಾಯಕ್ಕೆ ಮುಲಾಮು. ಆ ಗಾಯ ಮಾಯಿತು. ನಾನು ಸವಾರಿ ಬಿಟ್ಟೆ.

ಅಣ್ಣ ಅವತ್ತಿನಿಂದ ನನ್ನೆದುರು ಆ ಮಾತು ಆಡಿಲ್ಲ. ಹೊಟ್ಟೆ ತುಂಬಿದರೂ ಹೇಳುವುದಿಲ್ಲ, ಮುಖ ತಿರುಗಿಸುವುದೂ ಇಲ್ಲ. ನಾನೇ ಅವನ ಕಣ್ಣು, ಕೆನ್ನೆ, ಗಂಟಲು ನೋಡುತ್ತಾ ತಿಳಿದುಕೊಳ್ಳಬೇಕು. ಎಲ್ಲಿ ಬಿಡಬೇಕು ಅಂತ ತಿಳಿಯುವುದರಲ್ಲಿ ನನ್ನದು ಎತ್ತಿದ ಕೈ ಅಂತ ಮೆರೆದವಳಲ್ಲವೇ ನಾನು. ಎಷ್ಟೋ ಸಲ ಒಂದೆರಡು ಚಮಚ ಹೆಚ್ಚಾಗಿಹೋಗುತ್ತದೆ. ಅವನು ಸುಮ್ಮನೆ ನುಂಗುತ್ತಾನೆ.