ಆಕೀ ಮರದ ತಲೆ ಕಡಿಯಲು ಬಿಡದ ಐಸಿಲ್ಡಾ

ಜಮೈಕಾದ ಪೋರ್ಟ್‌ಲ್ಯಾಂಡ್ ಕರಾವಳಿಯಲ್ಲಿ ಬಿಸಿಲು ಬಲಿಯಿತೆಂದರೆ ಓಣಿ ಓಣಿಯಲ್ಲೂ ಗರಗಸದ ಸದ್ದು. ಚಂಡಮಾರುತದ ಕಾಲ ಬರುವ ಮೊದಲೇ ಮನೆ ಮುಂದಿನ ಮರಗಳ ತಲೆ ಹಾರಿಸಿಬಿಟ್ಟರೆ ಸೂರು ಉಳಿಯುತ್ತದೆ ಅಂತ ಜನರ ನಂಬಿಕೆ.

ಈ ಸಲ ಐಸಿಲ್ಡಾಳ ಮನೆಯ ಸರದಿ. ಅವಳ ಅಂಗಳದಲ್ಲಿ ದೊಡ್ಡದೊಂದು ಆಕೀ ಮರ. ಅದರ ಕೆಂಪು ಕಾಯಿ ತಾನಾಗಿ ಬಾಯಿ ಬಿಟ್ಟ ಮೇಲೆ ಒಳಗಿನ ಹಳದಿ ತಿರುಳನ್ನು ಬೇಯಿಸಿ, ಉಪ್ಪು ಮೀನಿನ ಜೊತೆ ಹುರಿದರೇ ಆ ಮನೆಯಲ್ಲಿ ಭಾನುವಾರದ ತಿಂಡಿ. ಆ ಮರದ ನೆರಳಲ್ಲೇ ಕುರ್ಚಿ ಹಾಕಿ ಐಸಿಲ್ಡಾ ಓಣಿಯ ಹೆಂಗಸರಿಗೆ ಜಡೆ ಹೆಣೆಯುತ್ತಾಳೆ, ಅದೇ ಅವಳ ಸಂಪಾದನೆ.

ಗಂಡ ಲಿನ್ವಲ್‌ಗೆ ಮಾತ್ರ ಮರ ಕಂಡರೆ ಭಯ. ಹಿಂದಿನ ಚಂಡಮಾರುತದಲ್ಲಿ ಕೊಂಬೆಯೊಂದು ಹಾರಿ ಬಂದು ತಗಡಿನ ಸೂರು ಸೀಳಿತ್ತು. ಸುರಿಯುವ ನೀರಲ್ಲಿ ಮಗಳನ್ನು ಅಪ್ಪಿಕೊಂಡು ಮೇಜಿನಡಿ ಕೂತಿದ್ದನ್ನು ಅವನು ಮರೆತಿರಲಿಲ್ಲ. ಹೆಂಡತಿಗೆ ಹೇಳದೆ ಮರ ಕಡಿಯುವ ಆಸ್ಬರ್ಟ್‌ನನ್ನು ಕರೆಸಿದ.

ಆಸ್ಬರ್ಟ್ ಏಣಿ ತಂದು ಒರಗಿಸುವಾಗ ಐಸಿಲ್ಡಾ ಪಕ್ಕದ ಮನೆಯ ಮಾರ್ವಾಳಿಗೆ ಜಡೆ ಹೆಣೆಯುತ್ತಿದ್ದಳು. ಅರ್ಧ ತಲೆ ಮುಗಿದಿತ್ತು. ವಿಷಯ ತಿಳಿದದ್ದೇ ತಡ, ಮಾರ್ವಾ ಸಮೇತ ಕುರ್ಚಿಯನ್ನು ಮರದ ಬುಡಕ್ಕೆ ಎಳೆದುಕೊಂಡಳು.

"ಮಿಸ್ ಐಸಿ, ಸ್ವಲ್ಪ ಆ ಕಡೆ ಹೋಗಿ. ಕೊಂಬೆ ಬೀಳುತ್ತೆ," ಅಂದ ಆಸ್ಬರ್ಟ್.

"ನೀವು ಕಡಿದ್ರೆ ತಾನೇ ಬೀಳೋದು? ಕಡೀಬೇಡಿ."

"ನಿಮ್ಮ ಯಜಮಾನ್ರೇ ಹೇಳಿದ್ದು."

"ಅವರು ಹೇಳ್ಲಿ. ನಾನು ಕದಲಲ್ಲ. ಮಾರ್ವಾ, ತಲೆ ಅಲ್ಲಾಡಿಸ್ಬೇಡ."

ಬೇಲಿಯಾಚೆ ಜನ ಸೇರಿದರು. ಮರ ನಮ್ಮ ಮೇಲೆ ಬಿದ್ದರೆ ಯಾರು ಹೊಣೆ ಅಂತ ಒಬ್ಬರು, ಹೆಂಗಸಿಗೆ ಇಷ್ಟು ಹಟವೇ ಅಂತ ಇನ್ನೊಬ್ಬರು. ಲಿನ್ವಲ್ ಹೊರಗೆ ಬಂದ.

"ಐಸಿ, ನಿನಗೆ ಮರ ಮುಖ್ಯನೋ, ಮಗಳು ಮುಖ್ಯನೋ?"

"ಮಗಳು. ಅದಕ್ಕೇ ಇಲ್ಲಿ ನಿಂತಿದೀನಿ. ಅವತ್ತು ನಮ್ಮ ಸೂರು ಸೀಳಿದ ಕೊಂಬೆ ಎಳೆದು ಹಾಕಿದ್ದು ನಾನೇ. ಅದು ಆಕೀದಲ್ಲ, ಮಾವಿಂದು. ತಲೆ ಕಡಿಸ್ಕೊಂಡು ಮತ್ತೆ ಚಿಗುರಿದ್ದ ಮಾವಿಂದು."

ಹೆಣೆಯದ ಅರ್ಧ ತಲೆಯನ್ನು ಕೈಯಲ್ಲಿ ಮುಚ್ಚಿಕೊಂಡು ಮಾರ್ವಾ, ಅದು ತನ್ನ ಮನೆಯ ಮರವೇ ಅಂತ ಮೆಲ್ಲಗೆ ಒಪ್ಪಿಕೊಂಡಳು.

ಹಾಗಾದರೆ ಇದನ್ನು ಹೀಗೇ ಬಿಡುವುದಾ ಅಂತ ಲಿನ್ವಲ್ ಕೇಳಿದ. ಐಸಿಲ್ಡಾ ಕುರ್ಚಿಯ ಬಳಿಯಿಂದ ಕದಲದೆ ಯಾನಿಕ್‌ಗೆ ಫೋನ್ ಮಾಡಿದಳು. ಯಾನಿಕ್ ಲಿನ್ವಲ್‌ನ ಚಿಕ್ಕಪ್ಪನ ಮಗಳು. ತರಬೇತಿ ಪಡೆದು, ಮನೆಯಂಗಳದ ಮರಗಳ ಆರೈಕೆಯನ್ನೇ ಕಸುಬು ಮಾಡಿಕೊಂಡವಳು. ಹುಡುಗಿ ಮರ ಹತ್ತುತ್ತಾಳೆ ಅಂತ ಮನೆಯವರೆಲ್ಲ ನಕ್ಕಿದ್ದರು.

ಮಧ್ಯಾಹ್ನ ಹಗ್ಗ, ಗರಗಸ ಹಿಡಿದು ಬಂದ ಯಾನಿಕ್ ಮೊದಲು ಲಿನ್ವಲ್‌ನನ್ನು ಮಾರ್ವಾಳ ಮಾವಿನ ಮರಕ್ಕೇ ಹತ್ತಿಸಿದಳು. ಹಿಂದೆ ಕಡಿದ ಜಾಗ ಕೊಳೆತು ಟೊಳ್ಳಾಗಿತ್ತು. ಅದರ ಅಂಚಿನ ಸುತ್ತ ಹೊಸ ಕೊಂಬೆಗಳು ಎದ್ದಿದ್ದವು.

"ಎಲೆನೇ ಮರದ ಅಡಿಗೆಮನೆ, ಅಣ್ಣಾ. ತಲೆ ಕಡಿದ್ರೆ ಅದಕ್ಕೆ ಹೊಟ್ಟೆಗಿಲ್ಲ. ಗಾಬರೀಲಿ ಸಿಕ್ಕಸಿಕ್ಕಲ್ಲಿ ಚಿಗುರುತ್ತೆ. ಈ ಕೊಂಬೆಗಳಿಗೆ ಒಳಗೆ ಹಿಡಿತ ಇಲ್ಲ, ಮೇಲೆ ಅಂಟ್ಕೊಂಡಿರ್ತವೆ ಅಷ್ಟೇ. ಒಂದನ್ನ ಎಳೆದು ನೋಡು."

ಲಿನ್ವಲ್ ಎಳೆದ. ತೋಳು ದಪ್ಪದ ಕೊಂಬೆ ಕಿತ್ತು ಕೈಗೇ ಬಂತು.

ಆಮೇಲೆ ಯಾನಿಕ್ ಆಕೀ ಮರದ ಬುಡ, ಕಾಂಡ ಎಲ್ಲ ತಟ್ಟಿ ನೋಡಿದಳು. ಬೇರು ಕೊಳೆತಿದ್ದರೆ, ಕಾಂಡ ಬಿರಿದಿದ್ದರೆ ನಾನೇ ತೆಗೆಸಿ ಅನ್ನುತ್ತಿದ್ದೆ, ಇದು ಗಟ್ಟಿಯಾಗಿದೆ ಅಂದಳು. ಹತ್ತಿ, ಒಣಗಿದ ಕೊಂಬೆ, ಒಂದಕ್ಕೊಂದು ಉಜ್ಜುವ ಕೊಂಬೆ, ಸೂರಿನ ಮೇಲೆ ಬಾಗಿದ ಕೊಂಬೆ ಇಷ್ಟನ್ನೇ ತೆಗೆದಳು. ತೊಗಟೆ ಸೀಳದಂತೆ ಮೊದಲು ಕೆಳಗಿನಿಂದ ಅರ್ಧ ಕೊಯ್ದು, ಆಮೇಲೆ ಮೇಲಿನಿಂದ. ಕೊಂಬೆ ಕಾಂಡಕ್ಕೆ ಸೇರುವಲ್ಲಿನ ಉಬ್ಬಿದ ಬಳೆಯನ್ನು ಮುಟ್ಟಲೇ ಇಲ್ಲ. ಗಾಯ ತುಂಬಿಕೊಳ್ಳುವುದು ಅಲ್ಲಿಂದಲೇ ಅಂದಳು. ಲಿನ್ವಲ್ ಗಾಯಕ್ಕೆ ಬಳಿಯಲು ಟಾರು ತಂದರೆ, ಅದು ತೇವವನ್ನು ಒಳಗೇ ಹಿಡಿದಿಟ್ಟು ಕೊಳೆಸುತ್ತದೆ ಅಂತ ವಾಪಸು ಕಳಿಸಿದಳು.

ಐಸಿಲ್ಡಾಳಿಗೂ ಬೈಗುಳ ತಪ್ಪಲಿಲ್ಲ. ಬಟ್ಟೆ ಒಣಹಾಕಲು ಅವಳೇ ಬಿಗಿದ ತಂತಿ ಕಾಂಡದೊಳಗೆ ಕೊರೆದು ಇಳಿದಿತ್ತು. ಅವಳು ಬುಡಕ್ಕೆ ಒತ್ತಿ ರಾಶಿ ಹಾಕಿದ್ದ ಕಸಕಡ್ಡಿಯಿಂದ ತೊಗಟೆ ಮೆತ್ತಗಾಗಿತ್ತು. ಕಾಂಡದಿಂದ ಒಂದು ಗೇಣು ಬಿಟ್ಟು ತೆಳ್ಳಗೆ ಹರಡಬೇಕಿತ್ತಂತೆ. ಐಸಿಲ್ಡಾ ತುಟಿ ಬಿಗಿದು ತಾನೇ ತಂತಿ ಬಿಚ್ಚಿದಳು.

ಓಣಿ ನಕ್ಕಿತು. ಚಂಡಮಾರುತ ಬರಲಿ, ನೋಡೋಣ ಅಂದಿತು.

ಗಾಳಿ ಬಂತು. ಬೆಳಗಾದಾಗ ಆಕೀ ಮರದಲ್ಲಿ ಒಂದು ಕಾಯಿಯೂ ಉಳಿದಿರಲಿಲ್ಲ. ಮುರಿದ ಕೊಂಬೆಯೊಂದು ಕೋಳಿಗೂಡನ್ನು ಅಪ್ಪಚ್ಚಿ ಮಾಡಿತ್ತು. ಮರ ಮಾತ್ರ ನಿಂತಿತ್ತು, ಸೂರೂ ನಿಂತಿತ್ತು. ತಲೆ ಕಡಿಸಿಕೊಂಡಿದ್ದ ಮರಗಳ ಹೊಸ ಕೊಂಬೆಗಳು ಓಣಿಯುದ್ದಕ್ಕೂ ತಗಡಿನ ಮೇಲೆ, ಕರೆಂಟ್ ತಂತಿಯ ಮೇಲೆ ಬಿದ್ದಿದ್ದವು. ಆಸ್ಬರ್ಟ್ ಬಂದು ಯಾನಿಕ್‌ಳ ನಂಬರ್ ಕೇಳಿದ. ಕೊಟ್ಟವನು ಲಿನ್ವಲ್. ಜೊತೆಗೆ ಟೊಳ್ಳು ಮಾವಿನ ಪಾಠವನ್ನೂ ಒಪ್ಪಿಸಿದ, ಆಸ್ಬರ್ಟ್ ಸಾಕು ಅಂದರೂ ಬಿಡದೆ.

ನಿಮ್ಮ ಅಂಗಳದಲ್ಲೂ ಮರವಿದೆಯೇ? ಗಾಳಿಯ ಕಾಲಕ್ಕೆ ಬಹಳ ಮುಂಚೆಯೇ ತಿಳಿದವರಿಂದ ಪರೀಕ್ಷೆ ಮಾಡಿಸಿ. ಒಣಗಿದ್ದನ್ನು, ಉಜ್ಜುವುದನ್ನು, ಸೂರಿಗೆ ತಾಗುವುದನ್ನು ತೆಗೆಸಿ. ಕಟ್ಟಿದ ತಂತಿ ಬಿಚ್ಚಿ, ಬುಡಕ್ಕೆ ಉಸಿರಾಡಲು ಜಾಗ ಬಿಡಿ. ಇಡೀ ಮರದ ತಲೆ ಹಾರಿಸುತ್ತೇನೆ ಅಂತ ಯಾರೇ ಬಂದರೂ, ಮನೆಯವರೇ ಕರೆಸಿದ್ದರೂ, ಬೇಡ ಅನ್ನಿ. ಓಣಿಯೆಲ್ಲ ನಕ್ಕರೂ ಬೇಡ ಅನ್ನಿ.