ಸೋಡಾ ಬಾಟಲಿ ಬಣ್ಣದ ಗಡಿಗೆ

ಗಡಿಗೆಯನ್ನು ಎದೆಗವಚಿಕೊಂಡು ಮಾಣಿಕಪ್ಪ ಬಸ್ಸಿನಿಂದ ಇಳಿದ. ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ್ದರಿಂದ ಬಸವಕಲ್ಯಾಣದಲ್ಲಿ ಕಂಡಕ್ಟರ್ ಅದನ್ನು ಕೂಸೆಂದು ತಿಳಿದು ಸೀಟು ಕೊಡಿಸಿದ್ದ. ಒಳಗಿರುವುದು ಗಡಿಗೆ, ಅದೂ ಸುಡುಗಾಡಿನಲ್ಲಿ ಒಡೆಯುವ ಗಡಿಗೆ ಎಂದು ಗೊತ್ತಾದ ಮೇಲೆ ಪಕ್ಕದವರು ತಾವಾಗಿಯೇ ಎದ್ದು ಹೋದರು. ಹೀಗೆ ಹುಮನಾಬಾದಿನವರೆಗೆ ಅವನಿಗೆ ಇಡೀ ಸೀಟು ಸಿಕ್ಕಿತ್ತು.

ಹೈದರಾಬಾದ್ ರಸ್ತೆಯ ಅಂಚಿನಲ್ಲಿ ತಗಡಿನ ಶೆಡ್ಡು, ಅದಕ್ಕೆ ಅಂಟಿಕೊಂಡು ಎರಡು ಕೋಣೆಯ ಮನೆ. ಅಂಗಳದಲ್ಲಿ ಅವನ ಅಣ್ಣ ತುಳಜಾರಾಮನನ್ನು ಚಟ್ಟದ ಮೇಲೆ ಮಲಗಿಸಿದ್ದರು. ಶೆಡ್ಡಿನ ಬಾಗಿಲ ಮೇಲೆ ‘ತುಳಜಾರಾಮ ಸ್ಟುಡಿಯೋ’ ಎಂಬ ಬೋರ್ಡು. ಅದನ್ನು ಹಾಕಿದ ವರ್ಷ ಹೊಸದಾಗಿ ಮದುವೆಯಾದ ಜೋಡಿಗಳು ತಲೆಗೆ ಎಣ್ಣೆ ಹಚ್ಚಿ, ಹೂ ಮುಡಿದು, ಫೋಟೋ ತೆಗೆಸಲು ಬಂದು ನಿಲ್ಲುತ್ತಿದ್ದವು. ಸ್ಟುಡಿಯೋ ಎಂದರೆ ಕಲಾವಿದ ಕೆಲಸ ಮಾಡುವ ಜಾಗವೆಂದು ತುಳಜಾರಾಮ ಮೊದಮೊದಲು ತಿಳಿಸಿ ಹೇಳುತ್ತಿದ್ದ. ಆಮೇಲೆ ‘ತಿಳಗೇಡಿ ಜಾಹಿಲ್ ಮಂದಿ’ ಎಂದು ಬೈದು ಕಳಿಸುತ್ತಿದ್ದ.

"ಬಂದೇನಪಾ ಮಾಣಿಕಪ್ಪ," ಎಂದ ದಿಗಂಬರಪ್ಪ. ಕುಂಬಾರರ ಹಿರಿಯ, ಸಾವಿನ ಮನೆಯ ವಿಧಿಗಳನ್ನೆಲ್ಲ ಅವನೇ ಹೇಳಿಕೊಡಬೇಕು. "ಗಡಗಿ ತಂದಿ, ಚಲೋ ಆತು. ಬಿಸಲ ಏರಾಕತ್ತದ, ಲಗೂನ ಎತ್ತೂಣು."

"ಆ ಗಡಗಿ ಹೊರಗೇ ಇರ್ಲಿ."

ತುಳಜಾರಾಮನ ಹೆಂಡತಿ ಅಂಬುಬಾಯಿ ಹೊಸ್ತಿಲಲ್ಲಿ ನಿಂತಿದ್ದಳು. ಅವಳು ಅತ್ತಿರಲಿಲ್ಲ. ಅವಳ ತೋಳಲ್ಲಿ ಇನ್ನೊಂದು ಗಡಿಗೆಯಿತ್ತು, ಹಸಿರು ಬಣ್ಣದ್ದು, ಗಾಜಿನಂತೆ ಹೊಳೆಯುವಂಥದ್ದು.

"ಅವರು ಹೇಳಿ ಹೋಗ್ಯಾರ ಮಾಣಿಕಪ್ಪ. ನನ್ನ ಹೆಣಕ್ಕ ನನ್ನ ಗಡಗೀನೇ ಆಗಬೇಕು, ಕತ್ತಿ ಮಣ್ಣಿಂದು ಬ್ಯಾಡ ಅಂತ."

"ಕತ್ತಿ ಮಣ್ಣು!" ಕತ್ತೆಯ ಮೇಲೆ ಮಣ್ಣು ಹೇರಿ ತರುವುದು ಮಾಣಿಕಪ್ಪನ ನಿತ್ಯದ ಕೆಲಸ.

"ಅವರ ಮಾತು. ನಂದಲ್ಲ."

"ಕತ್ತಿ ಹೊತ್ತು ತಂದ ಮಣ್ಣಾಗೇ ಅಣ್ಣ ಮೈ ಬೆಳಸಿದ್ದ, ವೈನಿ. ಅವನ ಸ್ಟುಡಿಯೋದಾಗ ಅಲ್ಲ."

ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು. ಮಾಣಿಕಪ್ಪ ಗಡಿಗೆಯನ್ನು ಬೇವಿನ ಬುಡಕ್ಕೆ ಇಟ್ಟ. ಅಣ್ಣ ಉಳಿಯುವುದಿಲ್ಲವೆಂದು ಸುದ್ದಿ ಬಂದ ದಿನವೇ ಅವನು ತಿಗರಿಗೆ ಮಣ್ಣು ಹಾಕಿದ್ದ. ಮನೆಯ ಹೆಣಕ್ಕೆ ಮನೆಯವರ ಕೈಯ ಗಡಿಗೆ ಎಂಬುದು ಅವರ ಮನೆತನದ ರೂಢಿ. ತನ್ನ ಕೈಯ ಒಂದು ಮುಚ್ಚಳವನ್ನೂ ಈ ಮನೆಯೊಳಗೆ ಬಿಟ್ಟುಕೊಳ್ಳದ ಅಣ್ಣ ಇವತ್ತಾದರೂ ತನ್ನ ಗಡಿಗೆಯಿಲ್ಲದೆ ಹೊರಡಲಾರ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಅಣ್ಣ ಅದಕ್ಕೂ ಮೊದಲೇ ಏರ್ಪಾಡು ಮಾಡಿ ಸತ್ತಿದ್ದ.

"ವಿಚಾರ ಮಾಡು ತಂಗಿ," ಎಂದ ದಿಗಂಬರಪ್ಪ. "ಅದು ಒಡೀಬೇಕು. ಒಡದ ಸಪ್ಪಳ ಆಗದಿದ್ರ ಜೀವ ಮನಿ ಬಿಡಂಗಿಲ್ಲ."

"ಮಣ್ಣಿಂದೇ ಅದ, ಒಡೀತದ," ಎಂದಳು ಅಂಬುಬಾಯಿ. ಗಡಿಗೆಯನ್ನು ಇನ್ನೊಂದು ತೋಳಿಗೆ ಬದಲಿಸಿ, "ಒಡೀಲೇಬೇಕ್ರಿ," ಎಂದಳು.

ಸೋಡಾ ಕಾರ್ಖಾನೆಯ ಯುನೂಸ್ ಕೊಡದಲ್ಲಿ ನೀರು ತಂದು ಮಾಣಿಕಪ್ಪನ ಬಳಿ ನಿಂತ. "ಮಂದಿಗಿ ನೀರಡಿಕಿ ಆಗ್ಯಾದ, ಕಾಕಾ. ಒಳಗಿನ ಹಸರು ಗಡಗ್ಯಾಗ ಹಾಕಿದ ನೀರು ಕಾದು ಚಾ ಆಗ್ತದ. ನಿಮ್ಮದರಾಗ ಹಾಕ್ಲಿ?"

"ಹಾಕು. ಹೆಣಕ್ಕ ಬ್ಯಾಡಾದದ್ದು ಬದುಕಿದವರಿಗಿ ಆಗ್ಲಿ."

ನೀರು ಗಡಿಗೆಯ ಮೈಯಿಂದ ಬೆವರಿನಂತೆ ಒಸರಿ, ಆರುತ್ತ, ಒಳಗಿನದನ್ನು ತಣ್ಣಗೆ ಮಾಡಿತು. ಬಂದವರೆಲ್ಲ ಕುಡಿದರು. ಕುಡಿದು, ಸತ್ತವನು ಬದುಕಿಡೀ ಇಂಥದೊಂದನ್ನು ಮಾಡಲಿಲ್ಲವಲ್ಲ ಎಂದು ಮಾತಾಡಿಕೊಂಡರು.

*

ಅಣ್ಣತಮ್ಮಂದಿರು ಹುಡುಗರಾಗಿದ್ದಾಗ ಕಲ್ಯಾಣದ ಕೋಟೆಯ ಹಿಂದೆ ಮಣ್ಣು ಅಗೆಯುತ್ತಿದ್ದರು. ಒಂದು ದಿನ ಸಲಿಕೆಗೆ ಹೆಂಚಿನ ಚೂರೊಂದು ಸಿಕ್ಕಿತು. ಒಂದು ಮಗ್ಗುಲು ಬರೀ ಮಣ್ಣು, ಇನ್ನೊಂದು ಮಗ್ಗುಲು ನೀಲಿ. ನವಾಬರ ಕಾಲದ್ದಿರಬೇಕು. ಮಾಣಿಕಪ್ಪ ಅದರಿಂದ ಕತ್ತೆಗೆ ಹೊಡೆದ. ತುಳಜಾರಾಮ ಅದನ್ನು ಹುಡುಕಿ ತಂದು, ತೊಳೆದು, ಅಂಗಿಯ ಕಿಸೆಯಲ್ಲಿಟ್ಟುಕೊಂಡ.

ರಾಜ್ಯ ಒಂದಾದ ಮೇಲೆ ಸರ್ಕಾರದವರು ಹುಡುಗರನ್ನು ಚೀನಿ ಮಣ್ಣಿನ ತರಬೇತಿಗೆ ದಕ್ಷಿಣಕ್ಕೆ ಕಳಿಸಿದರು. ತುಳಜಾರಾಮ ಹೋಗಿಬಂದ. ಬಂದವನು ತಿಗರಿಯ ಮುಂದೆ ಸ್ಟೂಲಿನ ಮೇಲೆ ಕೂತ. ಅಪ್ಪ ಮಾಡಿದ ಗಡಿಗೆಯನ್ನು ಬೆರಳಿನಿಂದ ಬಡಿದು, "ಇದರಾಗ ಜೀವ ಇಲ್ಲ, ಬರೇ ಹೊಟ್ಟಿ ಅದ," ಎಂದ. ಅಪ್ಪನ ಹೊಟ್ಟೆಯೂ ಮನೆಯವರೆಲ್ಲರ ಹೊಟ್ಟೆಯೂ ಆ ಗಡಿಗೆಗಳಿಂದಲೇ ತುಂಬಿತ್ತು ಎಂಬುದು ಅವನಿಗೆ ಹೊಳೆಯಲಿಲ್ಲ. ಕತ್ತೆಗಳನ್ನು ತಮ್ಮನಿಗೆ ಬಿಟ್ಟು ಹುಮನಾಬಾದಿನ ಹೆದ್ದಾರಿಗೆ ಬಂದ. ಕಾರಿನಲ್ಲಿ ಹೋಗುವವರಿಗೆ ಕಲೆ ನೋಡುವ ಕಣ್ಣಿರುತ್ತದೆ ಎಂಬುದು ಅವನ ಲೆಕ್ಕ. ಕಾರುಗಳು ನಿಲ್ಲುತ್ತಿದ್ದವು. ಇಳಿದವರು ಶೆಡ್ಡಿನ ಹಿಂದೆ ಮೂತ್ರಕ್ಕೆ ಹೋಗಿ, ಮತ್ತೆ ಹತ್ತಿ ಹೋಗುತ್ತಿದ್ದರು.

ಅವನಿಗೆ ಬೇಕಾದದ್ದು ಆ ಚೂರಿನ ನೀಲಿ. ಯುನೂಸನ ಅಪ್ಪನ ಕಾರ್ಖಾನೆಯಿಂದ ಒಡೆದ ಗೋಲಿ ಸೋಡಾ ಬಾಟಲಿಗಳನ್ನು ತಂದು, ಹಿಟ್ಟಿನಂತೆ ಕುಟ್ಟಿ, ಗಡಿಗೆಗೆ ಬಳಿದು ಸುಡುತ್ತಿದ್ದ. ಪ್ರತಿ ಸಲ ಭಟ್ಟಿ ತೆರೆದಾಗಲೂ ಹಸಿರೇ ಹೊರಬರುತ್ತಿತ್ತು. ಪ್ರತಿ ಸಲವೂ ಸೌದೆಯವನನ್ನು ಬೈಯುತ್ತಿದ್ದ. ಸೋಡಾ ಬಾಟಲಿಯಿಂದ ಸೋಡಾ ಬಾಟಲಿಯ ಬಣ್ಣ ಬರುವುದರಲ್ಲಿ ಸೌದೆಯವನ ತಪ್ಪೇನೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

*

ಹೆಣ ಎದ್ದಿತು. ಮಕ್ಕಳಿಲ್ಲದ್ದರಿಂದ ಕೊಳ್ಳಿ ಇಡಬೇಕಾದವನು ತಮ್ಮನೇ. ಹಸಿರು ಗಡಿಗೆಯೂ ಅವನ ಹೆಗಲಿಗೇ ಬಂತು.

"ಭಾರ ಅದೇನಪಾ?" ಎಂದ ದಿಗಂಬರಪ್ಪ ನಡೆಯುತ್ತ.

"ಹೆಣಕ್ಕಿಂತ ಇದೇ ಭಾರ ಅದ."

*

ಊರಿನ ಶ್ರೀಮಂತ ವ್ಯಾಪಾರಿಯೊಬ್ಬ ತುಳಜಾರಾಮನಿಂದ ಒಂದು ಹೂದಾನಿ ಕೊಂಡಿದ್ದ. ತುಟಿ ಮೊಟ್ಟೆಯ ಸಿಪ್ಪೆಯಷ್ಟು ತೆಳು. ಕೆಲವು ದಿನ ಬಿಟ್ಟು, ಅದನ್ನು ಎಲ್ಲಿಟ್ಟಿದ್ದಾರೆಂದು ನೋಡಲು ತುಳಜಾರಾಮ ಇಸ್ತ್ರಿ ಅಂಗಿ ತೊಟ್ಟು ಹೋದ. ಬೇಗ ತಿರುಗಿ ಬಂದ.

"ಎಲ್ಲಿ ಇಟ್ಟಾರ್ರಿ?" ಎಂದಳು ಅಂಬುಬಾಯಿ.

"ದಿವಾನಖಾನಿ ನಟ್ಟನಡುವ. ಬಂದವರೆಲ್ಲ ಅದರ ಕಡೀನೇ ಹೊಳ್ಳತಾರ."

ಮುಂದೆ ಆ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋದಾಗ ಅವಳೂ ಅದನ್ನು ಕಂಡಳು. ದಿವಾನಖಾನೆಯ ನಡುವೆಯೇ ಇತ್ತು. ಬಂದವರು ಅದರ ಕಡೆಗೆ ಹೊರಳುತ್ತಿದ್ದುದೂ ನಿಜ. ಹೊರಳಿ, ಅದರೊಳಗೆ ಎಲೆಅಡಿಕೆಯ ಕೆಂಪು ರಸ ಉಗುಳುತ್ತಿದ್ದರು. ಅವಳು ಮನೆಗೆ ಬಂದು ಗಂಡನಿಗೆ ರೊಟ್ಟಿ ಬಡಿದು ಹಾಕಿದಳು. ಕಂಡದ್ದನ್ನು ಹೇಳಲಿಲ್ಲ. ಅವನು ಸುಳ್ಳು ಹೇಳಿದ್ದಕ್ಕೆ ಅಲ್ಲ, ತನ್ನನ್ನು ಅಷ್ಟು ದಡ್ಡಿ ಎಂದುಕೊಂಡದ್ದಕ್ಕೆ ಅವಳಿಗೆ ಸಿಟ್ಟಿತ್ತು. ಆ ಸಿಟ್ಟನ್ನು ಜತನವಾಗಿ ಇಟ್ಟುಕೊಂಡಳು.

ಅಂದಿನಿಂದ ತುಳಜಾರಾಮ ಗಡಿಗೆಗಳ ಗೋಡೆ ದಪ್ಪ ಮಾಡಿದ. ಮಣ್ಣಿನಲ್ಲೂ ಗಾಜಿನ ಪುಡಿ ಕಲಸಿ, ಭಟ್ಟಿಯನ್ನು ಮೊದಲಿಗಿಂತ ಹೆಚ್ಚು ಕಾಯಿಸಿದ. "ತೆಳ್ಳಗಿದ್ರ ಮಂದಿ ಹಗರ ಮಾಡ್ತಾರ," ಎಂದ. ದಪ್ಪಗಿದ್ದದ್ದನ್ನು ಯಾರೂ ಕೊಳ್ಳಲೇ ಇಲ್ಲ.

*

ಚಿತೆಯ ಸುತ್ತ ಮಾಣಿಕಪ್ಪ ಗಡಿಗೆ ಹೊತ್ತು ನಡೆದ. ಒಂದು ಸುತ್ತಿಗೊಂದು ತೂತು. ತೂತಿನಿಂದ ನೀರು ಧಾರೆಯಾಗಿ ಬೀಳಬೇಕು. ಮೊದಲ ಸುತ್ತು ಮುಗಿದಾಗ ದಿಗಂಬರಪ್ಪ ಕಲ್ಲಿನಿಂದ ಹೊಡೆದ. ಠಣ್ ಎಂದಿತು. ಇನ್ನೊಮ್ಮೆ ಹೊಡೆದ. ಕಲ್ಲಿನ ಚೂರು ಸಿಡಿದು ಅವನ ಗದ್ದಕ್ಕೇ ಬಡಿಯಿತು.

"ಕುಂಬಾರನ ಗಡಗಿಗೆ ಕಂಬಾರನ್ನ ಕರೀಬೇಕಾತಲ್ಲೋ!" ಎಂದರು ಹಿಂದಿನಿಂದ.

"ಜಿಂದಗಿ ತುಂಬ ಒಂದೇ ಒಂದು ಗಟ್ಟಿ ಕೆಲಸ ಮಾಡ್ಯಾನ. ಅದೂ ಇವತ್ತೇ ಅಡ್ಡ ಬಂತು."

"ಕಬ್ಬಣದ ಹಾರಿ ತರ್ರಿ, ಹಾರಿ!"

"ಹೆಣದ ಮುಂದ ಹಾರಿ ಹಿಡದು ಗುದ್ದಾಡೂದಾ? ಇಜ್ಜತ್ ಅದ ಇಲ್ಲ ನಿಮಗ?" ದಿಗಂಬರಪ್ಪ ಗದ್ದ ಒರೆಸಿಕೊಂಡ. "ಮಾಣಿಕಪ್ಪ, ಸುತ್ತು ಮುಗಸು. ಹಿಂದಕ ಒಗಿ. ಹೊಳ್ಳಿ ನೋಡಬ್ಯಾಡ."

ಒಂದು ಹನಿಯೂ ಬೀಳದ ಸುತ್ತುಗಳು ಮುಗಿದವು. ಮಾಣಿಕಪ್ಪ ಬೆನ್ನು ತಿರುಗಿಸಿ ಗಡಿಗೆಯನ್ನು ಹಿಂದಕ್ಕೆ ಒಗೆದ. ದಪ್ಪನೆಯ ಸಪ್ಪಳ, ಆಮೇಲೆ ಉರುಳುವ ಸಪ್ಪಳ. ವರ್ಷಗಟ್ಟಲೆಯ ಬೂದಿಯಿಂದ ಅಲ್ಲಿನ ನೆಲ ಹಾಸಿಗೆಯಂತೆ ಮೆತ್ತಗಾಗಿತ್ತು.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಗು ಒಬ್ಬರಿಂದೊಬ್ಬರಿಗೆ ಹರಡಿತು. ಹೆಣ ಹೊತ್ತವರೂ ಹೆಗಲ ವಸ್ತ್ರ ಬಾಯಿಗಿಟ್ಟುಕೊಂಡರು. ಬೆನ್ನು ತಿರುಗಿಸಿ ನಿಂತ ಮಾಣಿಕಪ್ಪನಿಗೂ ನಗು ಬರಬೇಕಿತ್ತು. ಬಸ್ಸಿನಲ್ಲಿ ಕೂತಾಗ ಅಣ್ಣನ ಸೊಕ್ಕು ಮುರಿಯುವ ಇಂಥದೇ ಏನನ್ನೋ ಅವನು ಬಯಸಿದ್ದ.

"ಮನುಷ್ಯಾ ಸತ್ತಾನ್ರೋ," ಎಂದ ಅವನು, ಯಾರನ್ನೂ ನೋಡದೆ.

"ಕೊಳ್ಳಿ ಇಡು," ಎಂದ ದಿಗಂಬರಪ್ಪ. "ಹೋಗಾಂವ ಹ್ಯಾಂಗರೆ ಹೋಗ್ತಾನ."

*

ತಿರುಗಿ ಬಂದಾಗ ಹೊತ್ತು ಇಳಿದಿತ್ತು. ಅಂಬುಬಾಯಿ ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಒಡೀತೇನ್ರಿ?"

ಬಂದವರು ಕಾಲು ತೊಳೆಯುವುದರಲ್ಲಿ ಮಗ್ನರಾದರು.

"ಮಾಣಿಕಪ್ಪ, ನಿನಗೇ ಕೇಳಾಕತ್ತೀನಿ. ಆ ಮನುಷ್ಯಾ ಹೋದನೋ, ಇಲ್ಲೇ ಕುಂತಾನೋ? ಇನ್ನ ನನ್ನ ಕೈಲೆ ಆಗಂಗಿಲ್ಲಪಾ."

ಮಾಣಿಕಪ್ಪ ಬೇವಿನ ಬುಡಕ್ಕೆ ಹೋದ. ಅವನ ಗಡಿಗೆಯಲ್ಲಿ ನೀರು ಇನ್ನೂ ಅರ್ಧದಷ್ಟಿತ್ತು. ಎತ್ತಿಕೊಂಡು ಬಂದು, ಬಾಗಿಲ ಮುಂದಿನ ಕಲ್ಲಿನ ಮೇಲೆ ಕೈ ಬಿಟ್ಟ.

ಗಡಿಗೆ ಒಮ್ಮೆಗೇ ಒಡೆಯಿತು. ನೀರು ಹೊಸ್ತಿಲವರೆಗೂ ಹಾರಿತು.

"ಕೇಳಸ್ತೇನ್, ವೈನಿ?"

"ಕೇಳಸ್ತು," ಎಂದಳು ಅಂಬುಬಾಯಿ. ಯಾವ ಗಡಿಗೆ ಎಂದು ಕೇಳಲಿಲ್ಲ. ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಅಂದು ಮೊದಲ ಬಾರಿಗೆ, ದೊಡ್ಡ ದನಿ ತೆಗೆದು ಅತ್ತಳು.

ಅಷ್ಟರಲ್ಲಿ ರಸ್ತೆಯ ಆಚೆ ಯುನೂಸ್ ಕಾಣಿಸಿದ. ಬೂದಿ ತೊಳೆದ ಹಸಿರು ಗಡಿಗೆ ಅವನ ಹೆಗಲ ಮೇಲಿತ್ತು.

"ಅಲ್ಲೇ ಬಿದ್ದಿತ್ರಿ ಕಾಕಾ! ಇಷ್ಟು ಗಟ್ಟಿ ಮಾಲ್ ಬಿಟ್ಟು ಬರೂದಾ?" ಎಂದು ಕೂಗುತ್ತ ರಸ್ತೆಗೆ ಇಳಿದ.

"ತರಬ್ಯಾಡೋ!" ದಿಗಂಬರಪ್ಪ ಎರಡೂ ಕೈ ಎತ್ತಿ ಅರಚಿದ. "ಸುಡಗಾಡದ್ದು ಮನಿಗಿ ತರ್ತಾರೇನೋ?"

ಯುನೂಸ್ ನಡುರಸ್ತೆಯಲ್ಲೇ ನಿಂತ. "ಮತ್ತ ಎಲ್ಲಿ ಇಡ್ಲಿ?"

ಅವನು ಗಡಿಗೆಯನ್ನು ಹೆಗಲಿನಿಂದ ಇಳಿಸಿ ಎರಡು ಕೈಯಲ್ಲಿ ಹಿಡಿದುಕೊಂಡ. ಸೂರ್ಯ ಮುಳುಗಿ ದೀಪ ಹೊತ್ತುವ ಮುಂಚಿನ ಹೊತ್ತು. ಆ ಮಂದ ಬೆಳಕಿನಲ್ಲಿ ಗಡಿಗೆಯ ಹಸಿರು ಮೆಲ್ಲಗೆ ಬದಲಾಯಿತು. ಹೊಟ್ಟೆಯಿಂದ ಕತ್ತಿನವರೆಗೆ ಅದು ನೀಲಿಯಾಗಿ ನಿಂತಿತು, ಕೋಟೆಯ ಹಿಂದೆ ಸಿಕ್ಕ ಚೂರಿನ ನೀಲಿ. ಮಾಣಿಕಪ್ಪ ಒಡೆದ ತುಂಡುಗಳ ನಡುವಿನಿಂದ ಒಂದು ಹೆಜ್ಜೆ ಮುಂದೆ ಬಂದ.

ಸೋಲಾಪುರದ ಕಡೆಯಿಂದ ಬಂದ ಲಾರಿ ಹಾರ್ನ್ ಬಾರಿಸುತ್ತ ದೀಪ ಹೊತ್ತಿಸಿತು. ಗಡಿಗೆ ಮತ್ತೆ ಹಸಿರಾಯಿತು.